ಎತ್ತರವೇ ಋತುವಾಗುವ ನಾಡುಗಳು

ಈಕ್ವೆಡಾರ್ ದೇಶದ ರಾಜಧಾನಿ ಕೀಟೊ ಭೂಮಧ್ಯರೇಖೆಯಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕಿದೆ. ವರ್ಷಕ್ಕೆ ಎರಡು ಸಲ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆದರೂ ಸಂಜೆಯಾದರೆ ಆ ಊರಿನವರಿಗೆ ಉಣ್ಣೆಯ ಬಟ್ಟೆ ಬೇಕು. ವರ್ಷದ ಸರಾಸರಿ ಉಷ್ಣತೆ 14-15 ಡಿಗ್ರಿ ಸೆಲ್ಸಿಯಸ್. ಅದೇ ದೇಶದ ಬಂದರು ನಗರ ಗ್ವಾಯಾಕಿಲ್ ಅಲ್ಲಿಂದ ನೇರ ದಾರಿಯಲ್ಲಿ ಮುನ್ನೂರು ಕಿಲೋಮೀಟರೂ ಇಲ್ಲ; ಅಲ್ಲಿ ಮಾತ್ರ ವರ್ಷವಿಡೀ ಬೆವರಿಳಿಸುವ ಸೆಕೆ. ಎರಡೂ ಊರುಗಳ ಮೇಲೆ ಒಂದೇ ಸೂರ್ಯ ಹೆಚ್ಚುಕಡಿಮೆ ಒಂದೇ ಕೋನದಲ್ಲಿ ಬೆಳಗುತ್ತಾನೆ. ವ್ಯತ್ಯಾಸ ಎತ್ತರದ್ದು. ಗ್ವಾಯಾಕಿಲ್ ಕಡಲಮಟ್ಟದಲ್ಲಿದೆ, ಕೀಟೊ 2,850 ಮೀಟರ್ ಮೇಲಿದೆ.

ಭೂಪಟದಲ್ಲಿ ಉಷ್ಣವಲಯದ ರಾಜಧಾನಿಗಳನ್ನು ಗುರುತಿಸುತ್ತ ಹೋದರೆ ಇಂಥ ಊರುಗಳ ಸಾಲೇ ಸಿಗುತ್ತದೆ. ಕೊಲಂಬಿಯದ ಬೊಗೋಟಾ 2,640 ಮೀಟರ್ ಎತ್ತರದಲ್ಲಿದೆ. ಮೆಕ್ಸಿಕೊ ನಗರ 2,240, ಇಥಿಯೋಪಿಯದ ಅಡಿಸ್ ಅಬಾಬಾ ಸುಮಾರು 2,350, ಬೊಲಿವಿಯದ ಲಾ ಪಾಸ್ ಸುಮಾರು 3,600 ಮೀಟರ್ ಎತ್ತರದಲ್ಲಿವೆ. ಲಾ ಪಾಸ್‌ನ ನೆತ್ತಿಗೆ ಅಂಟಿಕೊಂಡಂತೆ ಬೆಳೆದ ಎಲ್ ಆಲ್ಟೊ 4,000 ಮೀಟರನ್ನೂ ದಾಟಿದೆ. ಸಮಶೀತೋಷ್ಣ ವಲಯದ ಮಹಾನಗರಗಳಾದ ಲಂಡನ್, ಪ್ಯಾರಿಸ್, ಶಾಂಘೈ, ನ್ಯೂಯಾರ್ಕ್‌ಗಳು ತಗ್ಗಿನಲ್ಲಿ, ಕಡಲಿಗೋ ದೊಡ್ಡ ನದಿಗೋ ಹತ್ತಿರದಲ್ಲಿ ಹುಟ್ಟಿದವು. ಉಷ್ಣವಲಯದಲ್ಲಿ ಇಷ್ಟೊಂದು ಜನ ಬೆಟ್ಟವನ್ನೇರಿ ಊರು ಕಟ್ಟಿದ್ದೇಕೆ?

ತಂಪು ಹವೆಗಾಗಿ ಎಂಬುದು ಥಟ್ಟನೆ ಹೊಳೆಯುವ ಉತ್ತರ. ಅದು ನಿಜ, ಆದರೆ ಅರ್ಧ ನಿಜ. ಬೆಚ್ಚಗಿನ ಹಗಲು, ತಪ್ಪದ ನೀರು, ಸತ್ವವುಳ್ಳ ಮಣ್ಣು, ಜ್ವರವಿಲ್ಲದ ಮೈ, ಕೆಳಗಿನ ಮತ್ತು ಮೇಲಿನ ಇಳಿಜಾರುಗಳಿಗೆ ಹೋಗಿಬರುವ ದಾರಿ: ಇವೆಲ್ಲ ಕೂಡಿದ ಕಡೆ ಮನುಷ್ಯ ನೆಲೆ ನಿಂತಿದ್ದಾನೆ. ಇವುಗಳಲ್ಲಿ ಒಂದು ಬದಲಾದರೂ ಜನ ಮೇಲೇರಿದ್ದಾರೆ, ಇಲ್ಲವೇ ಕೆಳಗಿಳಿದಿದ್ದಾರೆ. ಈಗ ಭೂಮಿಯ ಕಾವೇರುತ್ತಿರುವುದರಿಂದ ಇವೆಲ್ಲವೂ ಒಟ್ಟಿಗೇ ಬದಲಾಗತೊಡಗಿವೆ. ಆದ್ದರಿಂದ ಈ ಲೆಕ್ಕಾಚಾರವನ್ನು ಅರ್ಥ ಮಾಡಿಕೊಳ್ಳುವುದು ಇಂದು ತುರ್ತಿನ ಕೆಲಸ.

ಗಾಳಿ ತಣ್ಣಗಾಗುವ ಬಗೆ

ಬೆಟ್ಟದ ತುದಿ ಸೂರ್ಯನಿಗೆ ಹತ್ತಿರ, ಹಾಗಿದ್ದೂ ಅಲ್ಲಿ ಚಳಿ ಏಕೆ ಎಂದು ಶಾಲೆಯ ಮಕ್ಕಳು ಕೇಳುವುದುಂಟು. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ಗಾಳಿಯನ್ನು ಹಾದು ಬಂದು ನೆಲವನ್ನು ಕಾಯಿಸುತ್ತದೆ, ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇರುತ್ತದೆ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುವುದರಿಂದ ಅದು ಹಿಗ್ಗುತ್ತದೆ, ಹಿಗ್ಗಲು ತನ್ನ ಶಾಖವನ್ನೇ ಖರ್ಚು ಮಾಡುತ್ತದೆ. ಸೈಕಲ್ ಪಂಪಿನಲ್ಲಿ ಗಾಳಿಯನ್ನು ಒತ್ತಿದಾಗ ಕೊಳವೆ ಬಿಸಿಯಾಗುತ್ತದಲ್ಲ, ಇದು ಅದರ ತಿರುಗುಮುರುಗು. ಒಣಗಾಳಿ ಸಾವಿರ ಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ತೇವದ ಗಾಳಿಯಲ್ಲಿ ಆವಿ ಹನಿಗಟ್ಟುವಾಗ ಶಾಖ ಮರಳಿ ಬಿಡುಗಡೆಯಾಗುವುದರಿಂದ ಇಳಿಕೆ ಅಷ್ಟಿರುವುದಿಲ್ಲ. ವಾತಾವರಣದ ಒಟ್ಟು ಸರಾಸರಿ ಸಾವಿರ ಮೀಟರಿಗೆ 6.5 ಡಿಗ್ರಿ.

ನಮ್ಮ ನಾಡಿನಲ್ಲೇ ಇದಕ್ಕೆ ಒಳ್ಳೆಯ ಸಾಕ್ಷಿಯಿದೆ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಎರಡು ಊರುಗಳು ಕಡಲ ದಡದಲ್ಲಿವೆ, ನಡುವಿನದು 920 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಚೆನ್ನೈಗಿಂತ ಬೆಂಗಳೂರು ವರ್ಷದ ಸರಾಸರಿಯಲ್ಲಿ ನಾಲ್ಕೈದು ಡಿಗ್ರಿ ತಂಪಾಗಿರುವುದಕ್ಕೆ ಮುಖ್ಯ ಕಾರಣ ಈ ಎತ್ತರ.

ಆದರೆ ಬೆಂಗಳೂರಿಗೆ ಚಳಿಗಾಲ, ಬೇಸಿಗೆ, ಮಳೆಗಾಲಗಳಿವೆ. ಕೀಟೊದಲ್ಲಿ ಅತಿ ಬೆಚ್ಚಗಿನ ತಿಂಗಳಿಗೂ ಅತಿ ತಣ್ಣಗಿನ ತಿಂಗಳಿಗೂ ಇರುವ ಅಂತರ ಒಂದು ಡಿಗ್ರಿಯ ಆಸುಪಾಸು ಮಾತ್ರ. ಒಂದೇ ದಿನದ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ನಡುವೆ ಹತ್ತು ಡಿಗ್ರಿಯಷ್ಟು ವ್ಯತ್ಯಾಸವಿರುತ್ತದೆ. ಜರ್ಮನ್ ಭೂಗೋಳ ವಿಜ್ಞಾನಿ ಕಾರ್ಲ್ ಟ್ರೋಲ್ ಉಷ್ಣವಲಯದ ಪರ್ವತಗಳ ಮುಖ್ಯ ಲಕ್ಷಣವಾಗಿ ಗುರುತಿಸಿದ್ದು ಇದನ್ನೇ. ಯುರೋಪಿನ ರೈತ ಗೋಧಿಗೆ ತಕ್ಕ ತಂಪಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಆಂಡಿಸ್ ಪರ್ವತದ ರೈತ ಒಂದು ದಿನ ಮೇಲಕ್ಕೆ ನಡೆದರೆ ಆ ತಂಪು ಸಿಗುತ್ತದೆ, ಅದೂ ವರ್ಷಪೂರ್ತಿ. ಉಷ್ಣವಲಯದಲ್ಲಿ ಪಂಚಾಂಗ ಮಾಡುವ ಕೆಲಸವನ್ನು ಎತ್ತರ ಮಾಡುತ್ತದೆ.

ಪರ್ವತದ ಮೈಮೇಲಿನ ಪಟ್ಟಿಗಳು

1802ರ ಜೂನ್ 23ರಂದು ಜರ್ಮನ್ ಪ್ರಕೃತಿವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಈಕ್ವೆಡಾರಿನ ಚಿಂಬೊರಾಸೊ ಪರ್ವತವನ್ನು ಏರಿದ. ಜೊತೆಗೆ ಫ್ರೆಂಚ್ ಸಸ್ಯವಿಜ್ಞಾನಿ ಬೊನ್‌ಪ್ಲಾನ್, ಕೀಟೊದ ತರುಣ ಕಾರ್ಲೊಸ್ ಮೊಂಟೂಫಾರ್ ಮತ್ತು ಸ್ಥಳೀಯ ಸಂಗಾತಿಗಳಿದ್ದರು. 6,263 ಮೀಟರಿನ ಶಿಖರ ಅವರಿಗೆ ದಕ್ಕಲಿಲ್ಲ. ಆದರೆ ದಾರಿಯುದ್ದಕ್ಕೂ ಅಳೆದ ಒತ್ತಡ, ಉಷ್ಣತೆ, ಕಂಡ ಗಿಡಗಳನ್ನೆಲ್ಲ ಸೇರಿಸಿ ಹಂಬೋಲ್ಟ್ 1807ರಲ್ಲಿ ಒಂದು ದೊಡ್ಡ ಚಿತ್ರಪಟ ಪ್ರಕಟಿಸಿದ. ಸೀಳಿ ತೋರಿಸಿದ ಪರ್ವತದ ಮೈಮೇಲೆ ಯಾವ ಗಿಡ ಯಾವ ಎತ್ತರದಲ್ಲಿ ಬೆಳೆಯುತ್ತದೆಂದು ಅದರಲ್ಲಿ ಬರೆದಿತ್ತು. ಅದೇ ಕಾಲಕ್ಕೆ ಕೊಲಂಬಿಯದ ಪೊಪಾಯಾನಿನ ಫ್ರಾನ್ಸಿಸ್ಕೊ ಹೋಸೆ ದೆ ಕಾಲ್ದಾಸ್ ಎಂಬ ವಿಜ್ಞಾನಿ, ನೀರು ಯಾವ ಉಷ್ಣತೆಯಲ್ಲಿ ಕುದಿಯುತ್ತದೆ ಎಂಬುದರಿಂದಲೇ ಎತ್ತರವನ್ನು ಲೆಕ್ಕ ಹಾಕುವ ವಿಧಾನವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ. ಕೀಟೊದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಕಾಲ್ದಾಸ್ ಈ ಸಾಧನದಿಂದ ಬೆಳೆಗಳ ಎತ್ತರದ ಮಿತಿಗಳನ್ನು ದಾಖಲಿಸಿದ.

ಆ ಪಟ್ಟಿಗಳು ಇಂದಿಗೂ ಆಂಡಿಸ್‌ನ ಬದುಕಿನಲ್ಲಿವೆ. ಕಡಲಿನಿಂದ ಸುಮಾರು 1,000 ಮೀಟರ್‌ವರೆಗೆ ಬಾಳೆ, ಕೋಕೋ, ಕಬ್ಬಿನ ಬಿಸಿನೆಲ. ಅಲ್ಲಿಂದ 2,000 ಮೀಟರ್‌ವರೆಗೆ ಕಾಫಿಯ ಹಿತವಾದ ನೆಲ. ಅದರಾಚೆ 3,000 ಮೀಟರ್ ಮೀರುವವರೆಗೆ ಮೆಕ್ಕೆಜೋಳ, ಗೋಧಿ, ಬಾರ್ಲಿ, ಆಲೂಗಡ್ಡೆಯ ತಂಪುನೆಲ. ಮರಗಳು ಮುಗಿದ ಮೇಲೆ ಪಾರಾಮೊ ಎಂಬ ತೇವದ ಹುಲ್ಲುಗಾವಲು, ಕೊನೆಗೆ ಹಿಮ.

ಇಥಿಯೋಪಿಯದ ರೈತರು ಯಾವ ವಿಜ್ಞಾನಿಯ ಚಿತ್ರಪಟಕ್ಕೂ ಕಾಯದೆ ತಮ್ಮ ನೆಲವನ್ನು ಹೀಗೆಯೇ ವಿಂಗಡಿಸಿದ್ದರು. ಸುಮಾರು 1,500 ಮೀಟರಿನ ಕೆಳಗಿನ ಬಿಸಿ ತಗ್ಗು ಕೊಲ್ಲ. ಅಲ್ಲಿಂದ 2,300-2,400 ಮೀಟರ್‌ವರೆಗಿನ ಹಿತವಾದ ಪಟ್ಟಿ ವೊಯ್ನ ದೆಗ. ಅದರ ಮೇಲಿನ ತಂಪುನೆಲ ದೆಗ, ಇನ್ನೂ ಮೇಲಿನ ಕೊರೆಯುವ ಚಳಿಯ ನೆಲ ವುರ್ಚ್. ಕೊಲ್ಲದಲ್ಲಿ ಬಿಳಿಜೋಳ, ವೊಯ್ನ ದೆಗದಲ್ಲಿ ಅಲ್ಲಿಯ ಜನರ ಮುಖ್ಯ ಆಹಾರವಾದ ತೆಫ್ ಎಂಬ ಸಣ್ಣಕಾಳು, ದೆಗದಲ್ಲಿ ಬಾರ್ಲಿ ಮತ್ತು ಗೋಧಿ. ದೇಶದ ಬಹುಪಾಲು ಜನ ಇರುವುದು ನಡುವಿನ ಈ ಎರಡು ಪಟ್ಟಿಗಳಲ್ಲಿ. ಅದೇ ದೇಶದ ಈಶಾನ್ಯದ ದನಾಕಿಲ್ ತಗ್ಗು ಕಡಲಮಟ್ಟಕ್ಕಿಂತ ನೂರು ಮೀಟರಿಗೂ ಕೆಳಗಿದೆ. ಭೂಮಿಯ ಅತಿ ಬಿಸಿಯಾದ ಜಾಗಗಳಲ್ಲಿ ಅದೂ ಒಂದು.

ಕನ್ನಡಿಗರಿಗೆ ಈ ಎತ್ತರದ ನಾಡಿನ ಋಣವಿದೆ. ನಮ್ಮ ರಾಗಿಯನ್ನು ಮನುಷ್ಯ ಮೊದಲು ಬೆಳೆಯಾಗಿ ಪಳಗಿಸಿದ್ದು ಇಥಿಯೋಪಿಯದಿಂದ ಉಗಾಂಡಾವರೆಗಿನ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ರಾಗಿ ಹೊಲದ ಅಂಚಿನಲ್ಲಿ ಹಳದಿ ಹೂ ಬಿಡುವ ಹುಚ್ಚೆಳ್ಳಿನ ಮೂಲ ಇಥಿಯೋಪಿಯ. ಬಾಬಾಬುಡನ್‌ಗಿರಿಗೆ ಯೆಮೆನ್ ಮೂಲಕ ಬಂದ ಕಾಫಿಯ ತವರೂ ಅಲ್ಲಿಯ ಕಾಡೇ. ಎತ್ತರದ ತಂಪಿಗೆ ಒಗ್ಗಿದ ಈ ಬೆಳೆಗಳು ಕಡಲು ದಾಟಿ ಬಂದು ನಮ್ಮ ಪ್ರಸ್ಥಭೂಮಿಯಲ್ಲೂ ಘಟ್ಟದಲ್ಲೂ ತಮಗೆ ತಕ್ಕ ನೆಲ ಕಂಡುಕೊಂಡವು.

ಜ್ವರದ ಗೆರೆ

ತಂಪು ಬೆಳೆಯನ್ನು ನಿರ್ಧರಿಸಿದ್ದಕ್ಕಿಂತ ಬಲವಾಗಿ ಮನುಷ್ಯನ ನೆಲೆಯನ್ನು ನಿರ್ಧರಿಸಿದ್ದು ಕಾಯಿಲೆಯ ಮೂಲಕ. ಮಲೇರಿಯಾದ ಪರಾವಲಂಬಿ ಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆ ಎಂದು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿದ. ಸೊಳ್ಳೆಗೆ ತನ್ನದೇ ಆದ ಮೈಕಾವಿಲ್ಲ. ಸುತ್ತಲಿನ ಗಾಳಿ ಎಷ್ಟು ಬೆಚ್ಚಗಿದೆಯೋ ಅದರ ಹೊಟ್ಟೆಯೂ ಅಷ್ಟೇ ಬೆಚ್ಚಗಿರುತ್ತದೆ. ಮಾರಕ ಮಲೇರಿಯಾ ತರುವ ಫಾಲ್ಸಿಪ್ಯಾರಮ್ ಜೀವಿ 25 ಡಿಗ್ರಿಯಲ್ಲಿ ಸುಮಾರು 12 ದಿನಗಳಲ್ಲಿ ಬಲಿತು ಸೋಂಕು ಹರಡಲು ಸಿದ್ಧವಾಗುತ್ತದೆ. 20 ಡಿಗ್ರಿಯಲ್ಲಿ ಅದಕ್ಕೆ ಸುಮಾರು 28 ದಿನ ಬೇಕು. 16 ಡಿಗ್ರಿಯ ಆಸುಪಾಸಿನಲ್ಲಿ ಬೆಳವಣಿಗೆ ನಿಂತೇ ಹೋಗುತ್ತದೆ. ಸೊಳ್ಳೆಯ ಆಯುಸ್ಸು ಕೆಲವೇ ವಾರ. ತಂಪಿನಲ್ಲಿ ಪರಾವಲಂಬಿ ಬಲಿಯುವ ಮೊದಲೇ ಅದನ್ನು ಹೊತ್ತ ಸೊಳ್ಳೆ ಸಾಯುತ್ತದೆ, ರೋಗದ ಸರಪಳಿ ಅಲ್ಲಿಗೆ ತುಂಡಾಗುತ್ತದೆ.

ಈ ಸಣ್ಣ ಗಣಿತವು ದೊಡ್ಡ ಚರಿತ್ರೆಯನ್ನು ಬರೆದಿದೆ. ಪಾಪುವಾ ನ್ಯೂಗಿನಿಯ ನಡುಬೆಟ್ಟಗಳು ನಿರ್ಜನವೆಂದು ಹೊರಗಿನವರು ನಂಬಿದ್ದರು. 1930ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಲೇಹಿ ಚಿನ್ನ ಹುಡುಕುತ್ತ ಒಳನಾಡಿಗೆ ಹೋದ. ಅವನಿಗೂ ಅವನ ನಂತರ ಹೋದವರಿಗೂ ಕಂಡದ್ದು ಅಚ್ಚುಕಟ್ಟಾಗಿ ಬೇಲಿ ಹಾಕಿದ ತೋಟಗಳು, ಕಣಿವೆ ತುಂಬ ಹಳ್ಳಿಗಳು, ಲಕ್ಷಾಂತರ ಜನ. ಅಲ್ಲಿಯ ಕುಕ್ ಜೌಗುಪ್ರದೇಶದಲ್ಲಿ ಕನಿಷ್ಠ 7,000 ವರ್ಷಗಳ ಹಿಂದೆಯೇ ಕಾಲುವೆ ತೋಡಿ ಕೃಷಿ ಮಾಡಿದ್ದಕ್ಕೆ ಪುರಾವೆಯಿದೆ; 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಕೆಳಗಿನ ಕರಾವಳಿಯಲ್ಲಿ ಮಲೇರಿಯಾ ಮಕ್ಕಳನ್ನು ಕಿತ್ತುಕೊಳ್ಳುತ್ತಿದ್ದಾಗ, ಸುಮಾರು 1,500 ಮೀಟರಿನ ಮೇಲಿನ ಕಣಿವೆಗಳಲ್ಲಿ ಮಕ್ಕಳು ಬದುಕಿ ಬೆಳೆಯುತ್ತಿದ್ದರು.

ಆದರೆ ಜ್ವರದ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ. 1958ರಲ್ಲಿ ಇಥಿಯೋಪಿಯದಲ್ಲಿ ಎಂದಿಗಿಂತ ಹೆಚ್ಚು ಮಳೆ, ಎಂದಿಗಿಂತ ಹೆಚ್ಚು ಸೆಕೆ ಕೂಡಿ ಬಂದಾಗ ಮಲೇರಿಯಾ 2,000 ಮೀಟರಿನ ಮೇಲಿನ ಊರುಗಳಿಗೂ ನುಗ್ಗಿತು. ಸುಮಾರು 30 ಲಕ್ಷ ಜನ ಹಾಸಿಗೆ ಹಿಡಿದರು, ಸುಮಾರು ಒಂದೂವರೆ ಲಕ್ಷ ಜನ ಸತ್ತರು ಎಂಬುದು ಆಗಿನ ಅಂದಾಜು. ಮಲೇರಿಯಾ ಕಾಣದೆ ಬೆಳೆದವರ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಎತ್ತರ ಕೊಟ್ಟ ರಕ್ಷಣೆಯೇ ಆ ವರ್ಷ ಅವರ ದೌರ್ಬಲ್ಯವಾಯಿತು.

ನಮ್ಮ ಮಲೆನಾಡಿನ ಅನುಭವವಂತೂ ಇದಕ್ಕೆ ಪೂರ್ತಿ ವಿರುದ್ಧ. ಇಥಿಯೋಪಿಯದವರು ಜ್ವರಕ್ಕೆ ಹೆದರಿ ಬೆಟ್ಟದ ಮೇಲೆ ಉಳಿದರೆ, ಬಯಲುಸೀಮೆಯವರು ಜ್ವರಕ್ಕೆ ಹೆದರಿ ಬೆಟ್ಟಕ್ಕೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲೆನಾಡಿನ ತಾಲ್ಲೂಕುಗಳಲ್ಲಿ ಜನಸಂಖ್ಯೆ ಇಳಿಯುತ್ತಿದ್ದುದು ಮೈಸೂರು ಸಂಸ್ಥಾನಕ್ಕೆ ದೊಡ್ಡ ಚಿಂತೆಯಾಗಿತ್ತು. ಕಾರಣ ಮತ್ತೆ ಅದೇ ಗಣಿತದಲ್ಲಿದೆ. 600-900 ಮೀಟರ್ ಎತ್ತರದ ಮಲೆನಾಡು ಪರಾವಲಂಬಿಯನ್ನು ತಡೆಯುವಷ್ಟು ತಣ್ಣಗಿಲ್ಲ. ಜೊತೆಗೆ ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ ಮರಿ ಮಾಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಗೆ ಅದು ತವರು. ಬೆಟ್ಟ ಕೊಡುವುದು ವರವೋ ಶಾಪವೋ ಎಂಬುದು ಅದು ಎಷ್ಟು ಎತ್ತರ, ಅಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂಬುದರ ಮೇಲೆ ನಿಂತಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಗಳ ಗೋಡೆಗೆ ಡಿಡಿಟಿ ಹೊಡೆದ ಮೇಲೆ ಮಲೆನಾಡಿನ ಚಿತ್ರ ಬದಲಾಯಿತು.

ನೀರು ಮತ್ತು ಬೂದಿ

ಜ್ವರವಿಲ್ಲದ ತಂಪು ಇದ್ದರೂ ನೀರು ಮತ್ತು ಮಣ್ಣು ಕೈಕೊಟ್ಟರೆ ಊರು ನಿಲ್ಲದು. ಪರ್ವತ ತೇವದ ಗಾಳಿಯನ್ನು ತಡೆದು ಮೇಲಕ್ಕೆತ್ತಿ ಮಳೆ ಸುರಿಸುತ್ತದೆ, ಆಚೆ ಬದಿಗೆ ಒಣಗಾಳಿಯನ್ನು ಕಳಿಸುತ್ತದೆ. ಆಗುಂಬೆಯ ಮಳೆಗೂ ಚಿತ್ರದುರ್ಗದ ಮಳೆಗೂ ಇರುವ ಅಂತರವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಥಿಯೋಪಿಯದ ಎತ್ತರದ ನಾಡಿನ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ನೀಲಿ ನೈಲ್ ನದಿಯಾಗಿ ಹರಿದು, ಮರುಭೂಮಿಯ ಸುಡಾನ್ ಮತ್ತು ಈಜಿಪ್ಟ್‌ಗಳನ್ನು ಸಾವಿರಾರು ವರ್ಷ ಸಾಕಿದೆ.

ಮಣ್ಣಿನ ವಿಷಯ ಇನ್ನೂ ಸ್ವಾರಸ್ಯದ್ದು. ಬಿಸಿ, ಮಳೆ ಎರಡೂ ಹೆಚ್ಚಿದ್ದಲ್ಲಿ ನೀರು ಮಣ್ಣಿನ ಪೋಷಕಾಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಉಷ್ಣವಲಯದ ಹಲವು ತಗ್ಗುಕಾಡುಗಳು ಹಸಿರಾಗಿ ಕಂಡರೂ ಅವುಗಳ ಮಣ್ಣು ಬಡವಾಗಿರುವುದು ಇದರಿಂದ. ಜ್ವಾಲಾಮುಖಿ ಇದ್ದಲ್ಲಿ ಮಾತ್ರ ಈ ನಷ್ಟ ಆಗಾಗ ತುಂಬಿಬರುತ್ತದೆ, ಏಕೆಂದರೆ ಹೊಸ ಬೂದಿ ಹೊಸ ಖನಿಜಗಳನ್ನು ತರುತ್ತದೆ. ಡಚ್ ಮಣ್ಣುವಿಜ್ಞಾನಿ ಮೋರ್ 1930ರ ದಶಕದಲ್ಲಿ ಇಂಡೊನೇಷ್ಯದ ಜನಸಾಂದ್ರತೆಯನ್ನೂ ಮಣ್ಣನ್ನೂ ಹೋಲಿಸಿ ಈ ಸಂಬಂಧವನ್ನು ತೋರಿಸಿದ. ಜಾವಾ ದ್ವೀಪ ಕರ್ನಾಟಕಕ್ಕಿಂತ ಚಿಕ್ಕದು. ಅಲ್ಲಿ ಇಂದು ಸುಮಾರು 15 ಕೋಟಿ ಜನ ಇದ್ದಾರೆ. ಪಕ್ಕದ ಬೋರ್ನಿಯೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಜನ ವಿರಳ. ಜಾವಾದ ಬಹುಪಾಲು ಜನ ಇರುವುದು ಬಿಸಿಯಾದ ತಗ್ಗಿನಲ್ಲೇ. ಆದರೆ ಅವರ ಗದ್ದೆಗೆ ಮಣ್ಣನ್ನೂ ನೀರನ್ನೂ ಕಳಿಸುವುದು ಮೇಲಿನ ಜ್ವಾಲಾಮುಖಿಗಳು. ಬೆಟ್ಟದ ಮೇಲೆ ವಾಸಿಸದೆಯೂ ಬೆಟ್ಟದಿಂದ ಬದುಕಬಹುದು ಎಂಬುದಕ್ಕೆ ಜಾವಾ ನಿದರ್ಶನ.

ಆ ಬೂದಿಗೆ ಜನ ತೆರುವ ಬೆಲೆಯೂ ಇದೆ. ಕೊಲಂಬಿಯದ ಅರ್ಮೆರೊ ಪಟ್ಟಣ ನೆವಾಡೊ ದೆಲ್ ರೂಯಿಸ್ ಜ್ವಾಲಾಮುಖಿಯ ಬುಡದ ಫಲವತ್ತಾದ ಬಿಸಿಕಣಿವೆಯಲ್ಲಿತ್ತು. ಹಿಂದೆ 1595 ಮತ್ತು 1845ರಲ್ಲಿ ಬಂದ ಕೆಸರಿನ ಪ್ರವಾಹಗಳೇ ಆ ನೆಲವನ್ನು ಕಟ್ಟಿದ್ದವು. 1985ರ ನವೆಂಬರ್ 13ರ ರಾತ್ರಿ ಜ್ವಾಲಾಮುಖಿ ಸಿಡಿದು ಶಿಖರದ ಹಿಮ ಕರಗಿತು. ಕೆಸರು ಮತ್ತೆ ಅದೇ ದಾರಿ ಹಿಡಿದು ಬಂತು. ಅರ್ಮೆರೊ ಮತ್ತು ಸುತ್ತಲಿನ ಊರುಗಳಲ್ಲಿ ಸುಮಾರು 23,000 ಜನ ಸತ್ತರು. ಅಪಾಯದ ನಕಾಶೆ ಆಗಲೇ ಸಿದ್ಧವಿತ್ತು. ಊರನ್ನು ಸಮಯಕ್ಕೆ ತೆರವು ಮಾಡಲಿಲ್ಲ ಎಂಬುದು ಕ್ಷಮಿಸಲಾಗದ ಸಂಗತಿ.

ಒಂದು ಸಮುದಾಯ, ಹಲವು ಎತ್ತರ

ಆಂಡಿಸ್‌ನ ಹಳೆಯ ಸಮಾಜಗಳು ಒಂದೇ ಎತ್ತರವನ್ನು ನೆಚ್ಚಿಕೊಂಡಿರಲಿಲ್ಲ. ಟಿಟಿಕಾಕಾ ಸರೋವರ 3,810 ಮೀಟರ್ ಎತ್ತರದಲ್ಲಿದೆ. ಅದರ ದಡದ ಲುಪಾಕಾ ಜನ ಆಲೂಗಡ್ಡೆ ಬೆಳೆಯುತ್ತಿದ್ದರು, ಲಾಮಾ ಮತ್ತು ಅಲ್ಪಾಕಾ ಮಂದೆಗಳನ್ನು ಸಾಕುತ್ತಿದ್ದರು. ಆ ಎತ್ತರದಲ್ಲಿ ಹತ್ತಿಯಾಗಲಿ ಕೋಕಾ ಎಲೆಯಾಗಲಿ ಬೆಳೆಯವು. ಆದ್ದರಿಂದ ಅವರು ತಮ್ಮದೇ ಕುಟುಂಬಗಳನ್ನು ಪಶ್ಚಿಮದ ಕರಾವಳಿಯ ಕಣಿವೆಗಳಲ್ಲೂ ಪೂರ್ವದ ಬಿಸಿ ಇಳಿಜಾರುಗಳಲ್ಲೂ ನೆಲೆಗೊಳಿಸಿದ್ದರು. ಈ ಕುಟುಂಬಗಳು ದೂರವಿದ್ದರೂ ಮೂಲ ಸಮುದಾಯದ ಹಕ್ಕುಗಳನ್ನು ಕಳೆದುಕೊಳ್ಳುತ್ತಿರಲಿಲ್ಲ. 1567ರಲ್ಲಿ ಸ್ಪ್ಯಾನಿಷ್ ಆಡಳಿತ ನಡೆಸಿದ ತನಿಖೆಯ ದಾಖಲೆಗಳನ್ನು ಓದಿ ಮಾನವಶಾಸ್ತ್ರಜ್ಞ ಜಾನ್ ಮುರ್ರಾ 1972ರಲ್ಲಿ ಈ ವ್ಯವಸ್ಥೆಯನ್ನು ಲೋಕದ ಮುಂದಿಟ್ಟ. ಒಂದು ಪಟ್ಟಿಯಲ್ಲಿ ಹಿಮಗಾಳಿ ಬೆಳೆ ಸುಟ್ಟರೆ ಇನ್ನೊಂದು ಪಟ್ಟಿಯ ಫಸಲು ಕೈಹಿಡಿಯುತ್ತಿತ್ತು.

ಎತ್ತರದ ಚಳಿಯನ್ನು ಸಹಿಸುವುದಷ್ಟೇ ಅಲ್ಲದೆ ಅದನ್ನು ದುಡಿಸಿಕೊಳ್ಳುವುದನ್ನೂ ಆ ಜನ ಬಲ್ಲರು. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲ ಬಿಸಿಲಿನಲ್ಲಿ ಒಣಗಿಸಿ, ಕಾಲಿನಿಂದ ತುಳಿದು ನೀರು ತೆಗೆದ ಆಲೂಗಡ್ಡೆಗೆ ಚುನ್ಯೊ ಎನ್ನುತ್ತಾರೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಟಿಟಿಕಾಕಾ ದಡದಲ್ಲಿ ನೆಲವನ್ನು ಏರಿಸಿ ಮಡಿ ಕಟ್ಟಿ, ಮಡಿಗಳ ನಡುವೆ ಕಾಲುವೆ ಬಿಡುತ್ತಿದ್ದರು. ಹಗಲಲ್ಲಿ ಕಾಲುವೆಯ ನೀರು ಹೀರಿದ ಶಾಖ ರಾತ್ರಿ ನಿಧಾನವಾಗಿ ಹೊರಬಂದು ಬೆಳೆಯನ್ನು ಹಿಮದಿಂದ ಕಾಯುತ್ತಿತ್ತು. ಮರೆತುಹೋಗಿದ್ದ ಈ ವಿಧಾನವನ್ನು 1980ರ ದಶಕದಲ್ಲಿ ಪೆರುವಿನ ರೈತರು ಮತ್ತು ಪುರಾತತ್ವಜ್ಞರು ಸೇರಿ ಮರುಪ್ರಯೋಗ ಮಾಡಿದರು.

ಪಾಪುವಾ ನ್ಯೂಗಿನಿಯ ಎಂಗಾ ಜನರದೂ ಇಂಥದೇ ಜಾಣ್ಮೆ. ಅವರು ಗೆಣಸನ್ನು ಕೊಳೆತ ಸೊಪ್ಪು ತುಂಬಿದ ದಿಬ್ಬಗಳ ಮೇಲೆ ನೆಡುತ್ತಾರೆ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿಗೆ ಸರಿಯುತ್ತದೆ, ದಿಬ್ಬದ ಮೇಲಿನ ಗಿಡ ಉಳಿಯುತ್ತದೆ. ಪೆಸಿಫಿಕ್ ಸಾಗರ ಕಾದು ಅಲ್ಲಿ ಮಳೆ ತಪ್ಪುವ ಎಲ್ ನಿನ್ಯೊ ವರ್ಷಗಳಲ್ಲಿ ಆಕಾಶ ಮೋಡವಿಲ್ಲದೆ ಬಿಚ್ಚಿಕೊಂಡು ಹಿಮ ವಿಪರೀತವಾಗುತ್ತದೆ. 1972, 1997, 2015ರಲ್ಲಿ ಹಾಗಾಗಿ ಎತ್ತರದ ತೋಟಗಳು ಕರಕಲಾದವು. ಅಂಥ ಹೊತ್ತಿನಲ್ಲಿ ಕೆಳಗಿನ ಕಣಿವೆಯ ನಂಟರ ಮನೆಗಳಿಗೆ ಇಳಿದುಹೋಗುವುದು ಎಂಗಾ ಜನರ ಹಳೆಯ ಪದ್ಧತಿ. ಅವರಿಗೆ ನಂಟಸ್ತಿಕೆಯೇ ವಿಮೆ.

ಬೆಟ್ಟ ಹಣೆಬರಹ ಬರೆಯುವುದಿಲ್ಲ

ಇಷ್ಟು ಓದಿ, ಹವೆಯೇ ಮನುಷ್ಯನ ಚರಿತ್ರೆಯನ್ನು ಬರೆಯುತ್ತದೆ ಎಂದು ತೀರ್ಮಾನಿಸಿದರೆ ದೊಡ್ಡ ತಪ್ಪಾದೀತು. ಆ ತಪ್ಪನ್ನು ಹಿಂದೆ ವಿದ್ವಾಂಸರೇ ಮಾಡಿದ್ದಾರೆ. ಅಮೆರಿಕದ ಭೂಗೋಳಜ್ಞ ಎಲ್ಸ್‌ವರ್ತ್ ಹಂಟಿಂಗ್ಟನ್ 1915ರ ತನ್ನ ಪುಸ್ತಕದಲ್ಲಿ ಉಷ್ಣವಲಯದ ಸೆಕೆ ಜನರ ಚೈತನ್ಯವನ್ನೇ ಕುಗ್ಗಿಸುತ್ತದೆ ಎಂದು ವಾದಿಸಿದ. ವಸಾಹತುಶಾಹಿಗೆ ಇಂಥ ಮಾತು ಬೇಕಾಗಿತ್ತು. ಕೆನ್ಯಾದಲ್ಲಿ ಬ್ರಿಟಿಷರು ತಂಪಾದ, ಫಲವತ್ತಾದ ಎತ್ತರದ ಸೀಮೆಯನ್ನು ಬಿಳಿಯರಿಗೆಂದು ಕಾಯ್ದಿರಿಸಿದರು, ಕಿಕುಯು ಮೊದಲಾದ ಜನರನ್ನು ಅವರದೇ ನೆಲದಿಂದ ಹೊರಗಟ್ಟಿದರು. ಅಲ್ಲಿ ಯಾರು ಎಲ್ಲಿ ವಾಸಿಸಬೇಕೆಂದು ನಿರ್ಧರಿಸಿದ್ದು ಬಂದೂಕು ಮತ್ತು ಕಾನೂನು. ಹವೆ ಅದಕ್ಕೆ ಆಸೆ ಹುಟ್ಟಿಸಿತ್ತು, ಅಷ್ಟೇ.

ಅಮೆಜಾನಿನ ಬಗೆಗಿನ ಹಳೆಯ ನಂಬಿಕೆಯೂ ಈಗ ಕುಸಿದಿದೆ. ಆಂಡಿಸ್‌ನ ಪೂರ್ವ ಬುಡದಲ್ಲಿ ಈಕ್ವೆಡಾರಿನ ಉಪಾನೊ ಕಣಿವೆಯಿದೆ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಮರಗಳ ಕೆಳಗಿನ ನೆಲವನ್ನು ಅಳೆದಾಗ ಅಲ್ಲಿ 6,000ಕ್ಕೂ ಹೆಚ್ಚು ಮಣ್ಣಿನ ಜಗಲಿಗಳು, ನೇರ ರಸ್ತೆಗಳು, ಹೊಲಗಳು ಕಂಡವು. ಸುಮಾರು 2,500 ವರ್ಷಗಳ ಹಿಂದೆ ಶುರುವಾದ ಈ ನಗರಜಾಲದ ವಿವರ 2024ರ ಜನವರಿಯಲ್ಲಿ ಪ್ರಕಟವಾಯಿತು. ಜನ ವಾಸಿಸಲಾಗದು ಎಂದುಕೊಂಡಿದ್ದ ಬಿಸಿ, ಒದ್ದೆ ಕಾಡಿನಲ್ಲಿ ಶತಮಾನಗಳ ಕಾಲ ನಗರ ಬಾಳಿತ್ತು. ಹತ್ತಿರದ ಸಂಗಾಯ್ ಜ್ವಾಲಾಮುಖಿ ಅಲ್ಲಿಯ ಮಣ್ಣಿಗೆ ಸತ್ವ ಕೊಟ್ಟಿತ್ತು, ಆದರೆ ಕಾಲುವೆ ತೋಡಿ ಅದನ್ನು ಹೊಲವಾಗಿಸಿದ್ದು ಜನರ ಶ್ರಮ.

ತಂತ್ರಜ್ಞಾನವೂ ಜನರ ಎತ್ತರವನ್ನು ಬದಲಿಸಿದೆ. ಅಡಿಸ್ ಅಬಾಬಾ ಹುಟ್ಟುವ ಮೊದಲು ಎರಡನೆಯ ಮೆನೆಲಿಕ್ ದೊರೆಯ ಬೀಡು ಎಂಟೊಟೊ ಬೆಟ್ಟದ ಮೇಲಿತ್ತು. ಅಲ್ಲಿ ಚಳಿ ಹೆಚ್ಚು, ಸೌದೆ ಕಡಿಮೆ. 1886ರಲ್ಲಿ ರಾಣಿ ತಾಯ್ತು ಕೆಳಗಿನ ಬಿಸಿನೀರಿನ ಬುಗ್ಗೆಗಳ ಬಳಿ ಹೊಸ ಊರು ಕಟ್ಟಿಸಿದಳು. ಅಲ್ಲಿಯೂ ಸೌದೆ ಮುಗಿದು ಊರನ್ನೇ ಬಿಡುವ ಹಂತ ಬಂದಾಗ ಬೇಗ ಬೆಳೆಯುವ ನೀಲಗಿರಿ ಮರಗಳನ್ನು ಆಸ್ಟ್ರೇಲಿಯದಿಂದ ತರಿಸಿ ನೆಟ್ಟರು, ರಾಜಧಾನಿ ಉಳಿಯಿತು. ಈಕ್ವೆಡಾರಿನಲ್ಲಿ 1908ರಲ್ಲಿ ಗ್ವಾಯಾಕಿಲ್-ಕೀಟೊ ರೈಲುಮಾರ್ಗ ಪೂರ್ತಿಯಾಯಿತು. ಅದಾಗಿ ಹತ್ತು-ಹನ್ನೆರಡು ವರ್ಷಗಳಲ್ಲಿ ಬಂದರಿನಿಂದ ಹಳದಿ ಜ್ವರ ತೊಲಗಿತು. 1948ರ ನಂತರ ಬಾಳೆಹಣ್ಣಿನ ರಫ್ತು ನೆಗೆಯಿತು. ಶತಮಾನಗಳಿಂದ ಬೆಟ್ಟದಲ್ಲಿದ್ದ ಕುಟುಂಬಗಳು ಸಾಲುಸಾಲಾಗಿ ಕರಾವಳಿಗೆ ಇಳಿದವು. ಇಂದು ದೇಶದ ಹೆಚ್ಚುಕಡಿಮೆ ಅರ್ಧ ಜನ ಅಲ್ಲಿದ್ದಾರೆ.

ಮೇಲೇರುತ್ತಿರುವ ಗೆರೆಗಳು

ಸಾವಿರ ಮೀಟರಿಗೆ 6.5 ಡಿಗ್ರಿ ಎಂಬ ಲೆಕ್ಕವನ್ನು ತಿರುಗಿಸಿ ನೋಡಿದರೆ, ಗಾಳಿ ಒಂದು ಡಿಗ್ರಿ ಕಾದರೆ ಪ್ರತಿಯೊಂದು ಹವೆಯ ಪಟ್ಟಿಯೂ ಸುಮಾರು 150 ಮೀಟರ್ ಮೇಲಕ್ಕೆ ಸರಿಯಬೇಕು. 2012ರಲ್ಲಿ ವಿಜ್ಞಾನಿಗಳು ಮತ್ತೆ ಚಿಂಬೊರಾಸೊ ಏರಿ, ಹಂಬೋಲ್ಟನ ಕಾಲದಿಂದ ಗಿಡಗಳ ಮಿತಿ 500 ಮೀಟರಿಗೂ ಹೆಚ್ಚು ಮೇಲೆ ಸರಿದಿದೆ ಎಂದು ಅಂದಾಜು ಮಾಡಿದರು. 2019ರಲ್ಲಿ ಇನ್ನೊಂದು ತಂಡ ಹಳೆಯ ದಾಖಲೆಗಳನ್ನು ಕೂಲಂಕಷವಾಗಿ ಓದಿತು. ಹಂಬೋಲ್ಟನ ಎತ್ತರದ ಸಸ್ಯಗಳ ಅಳತೆಗಳು ಬಹುಮಟ್ಟಿಗೆ ಅಂಟಿಸಾನಾ ಎಂಬ ಬೇರೆ ಪರ್ವತದವು ಎಂದು ತೋರಿಸಿ, ಸರಿದದ್ದು 200ರಿಂದ 270 ಮೀಟರಿನ ನಡುವೆ ಎಂದು ತಿದ್ದಿತು. ತಿದ್ದುಪಡಿ ಮುಖ್ಯವಾದದ್ದು, ವಿಜ್ಞಾನ ನಡೆಯುವುದೇ ಹಾಗೆ. ಗಿಡಗಳು ಮೇಲೇರಿವೆ ಎಂಬ ಮಾತಂತೂ ಎರಡೂ ಲೆಕ್ಕಗಳಲ್ಲಿ ಉಳಿಯಿತು.

ಸೊಳ್ಳೆಯ ಗೆರೆಯೂ ಮೇಲೇರುತ್ತಿದೆ. ಇಥಿಯೋಪಿಯ ಮತ್ತು ಕೊಲಂಬಿಯದ ಬೆಟ್ಟಸೀಮೆಗಳ ದಾಖಲೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, ಬೆಚ್ಚಗಿನ ವರ್ಷಗಳಲ್ಲಿ ಮಲೇರಿಯಾ ಹೆಚ್ಚು ಎತ್ತರದ ಊರುಗಳಿಗೆ ಹಬ್ಬುತ್ತದೆ, ತಂಪು ವರ್ಷಗಳಲ್ಲಿ ಕೆಳಗಿಳಿಯುತ್ತದೆ ಎಂದು ತೋರಿಸಿತು. 1958ರ ದುರಂತವನ್ನು ನೆನೆದರೆ ಇದರ ಗಂಭೀರತೆ ತಿಳಿಯುತ್ತದೆ. ಎತ್ತರದ ಊರುಗಳಿಗೆ ಸೊಳ್ಳೆಪರದೆ, ಔಷಧ, ಹವಾಮಾನ ಆಧರಿಸಿದ ಮುನ್ನೆಚ್ಚರಿಕೆ ಮೊದಲೇ ತಲುಪಬೇಕು. ಜ್ವರ ಬಂದ ಮೇಲೆ ತಲುಪಿದರೆ ತಡವಾಗುತ್ತದೆ.

ಹಿಮದ ಗೆರೆ ಹೋಗಿಯೇ ಬಿಡುತ್ತಿದೆ. ಲಾ ಪಾಸ್ ಬಳಿಯ ಚಕಾಲ್ತಾಯಾ ಹಿಮನದಿ 2009ರ ಹೊತ್ತಿಗೆ ಪೂರ್ತಿ ಕರಗಿತು. ವೆನೆಜುವೆಲಾದ ಕೊನೆಯ ಹಿಮನದಿಯ ಹೆಸರೂ ಹಂಬೋಲ್ಟನದೇ. 2024ರಲ್ಲಿ ವಿಜ್ಞಾನಿಗಳು ಅದು ಹಿಮನದಿ ಅನ್ನಿಸಿಕೊಳ್ಳುವಷ್ಟು ದೊಡ್ಡದಾಗಿ ಉಳಿದಿಲ್ಲವೆಂದು ವಿಂಗಡಣೆ ಬದಲಿಸಿದರು. ಹಿಮದ ಗೆರೆಯ ಕೆಳಗಿನ ಪಾರಾಮೊವನ್ನೂ ಊರುಗಳು ನೆಚ್ಚಿವೆ; ಬೊಗೋಟಾದ ನೀರಿನ ಸುಮಾರು ಶೇಕಡಾ 70 ಭಾಗ ಬರುವುದು ಚಿಂಗಾಸಾ ಪಾರಾಮೊದಿಂದ. ಅಲ್ಲಿಯ ಫ್ರೈಲೆಹೋನ್ ಗಿಡಗಳು ಮಂಜಿನ ತೇವವನ್ನು ಹಿಡಿಯುತ್ತವೆ, ಸಾವಯವ ತುಂಬಿದ ಕಪ್ಪು ಮಣ್ಣು ಮಳೆಯನ್ನು ಹೀರಿ ಮೆಲ್ಲಗೆ ಬಿಡುತ್ತದೆ. 2024ರ ಏಪ್ರಿಲ್‌ನಲ್ಲಿ ಜಲಾಶಯಗಳು ತಳ ಕಂಡಾಗ ಬೊಗೋಟಾ ಸರದಿಯ ಮೇಲೆ ನೀರು ಬಿಡಬೇಕಾಯಿತು, ಆ ಪದ್ಧತಿ ಒಂದು ವರ್ಷ ನಡೆಯಿತು.

ಮೇಲೆ ಜಾಗವಿದೆಯಲ್ಲ, ಬೆಳೆಯೂ ಜನರೂ ಇನ್ನಷ್ಟು ಏರಲಿ ಎನ್ನುವವರಿದ್ದಾರೆ. ಕಾಫಿ ಬೆಳೆಗಾರ ಏರಿದರೆ ಆಲೂಗಡ್ಡೆಯ ರೈತ ಇನ್ನೂ ಮೇಲೇರಬೇಕು, ಅವನು ಏರಿದರೆ ಪಾರಾಮೊ ಉಳುಮೆಯಾಗುತ್ತದೆ. ಪಾರಾಮೊ ಹೋದರೆ ಕೆಳಗಿನ ಎಲ್ಲರ ನಲ್ಲಿಯೂ ಒಣಗುತ್ತದೆ. ಒಂಟಿ ಶಿಖರಗಳಲ್ಲಿ ಮೇಲೆ ಹೋದಂತೆ ನೆಲವೇ ಕಿರಿದಾಗುತ್ತದೆ. ಇಥಿಯೋಪಿಯದ ಇಳಿಜಾರುಗಳಲ್ಲಿ ಉಳಬಹುದಾದ ನೆಲವನ್ನು ಈಗಾಗಲೇ ಬಹುಮಟ್ಟಿಗೆ ಉತ್ತಾಗಿದೆ.

ಹಾಗಾಗಿ ದಾರಿ ಇರುವುದು ಇಳಿಜಾರನ್ನು ಇಡಿಯಾಗಿ ನೋಡುವುದರಲ್ಲಿ. ಕೀಟೊ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. 2000ದಲ್ಲಿ ಅಲ್ಲಿ ಜಲ ಸಂರಕ್ಷಣಾ ನಿಧಿ ಸ್ಥಾಪನೆಯಾಯಿತು. ನಗರದ ನೀರಿನ ಆದಾಯದ ಒಂದು ಪಾಲು ಅದರ ಮೂಲಕ ಪಾರಾಮೊ ಕಾಯಲು, ಮೇಲಿನ ಹಳ್ಳಿಗಳ ಜೀವನೋಪಾಯ ಸುಧಾರಿಸಲು ಹೋಗುತ್ತದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆ ಪಂಪ್ ಮಾಡಿಸಿಕೊಂಡು ಕುಡಿಯುವ ಬೆಂಗಳೂರಿಗೂ ಈ ಪಾಠ ಬೇಕು. ಕುಡಿಯುವ ನೀರಿನ ಬೆಲೆಯಲ್ಲಿ ಅದು ಹುಟ್ಟುವ ಕಾಡಿಗೂ ಆ ಕಾಡಂಚಿನ ಜನರಿಗೂ ಪಾಲಿರಬೇಕು.

ಲುಪಾಕಾ ಮತ್ತು ಎಂಗಾ ಜನ ಉಳಿದುಬಂದದ್ದು ತಮ್ಮ ಎತ್ತರ ಚೆನ್ನಾಗಿತ್ತೆಂಬ ಒಂದೇ ಕಾರಣದಿಂದ ಅಲ್ಲ. ಮೇಲಿನವರೂ ಕೆಳಗಿನವರೂ ಒಂದೇ ವ್ಯವಸ್ಥೆಯ ಪಾಲುದಾರರಾಗಿದ್ದರು. ಇಂದು ನಾವು ಅದೇ ಇಳಿಜಾರನ್ನು ಜಿಲ್ಲೆ, ಇಲಾಖೆ, ದೇಶಗಳ ಗಡಿಗಳಲ್ಲಿ ಹೋಳು ಮಾಡಿದ್ದೇವೆ. ಪಟ್ಟಿಗಳು ಸರಿಯುತ್ತಿರುವ ಈ ಕಾಲದಲ್ಲಿ ಆ ಹೋಳುಗಳನ್ನು ಮತ್ತೆ ಜೋಡಿಸುವ ಆಡಳಿತ, ಕೆಳಗಿನ ನಗರದಿಂದ ಮೇಲಿನ ಹಳ್ಳಿಗೆ ಹಣ ಹರಿಸುವ ನಿಯಮ, ಸ್ಥಳ ಬಿಡಬೇಕಾದವರಿಗೆ ಇನ್ನೊಂದು ಎತ್ತರದಲ್ಲಿ ನೆಲದ ಹಕ್ಕು: ಉಷ್ಣವಲಯದ ಪರ್ವತ ನಾಡುಗಳಿಗೆ ಈ ಮೂರೂ ಬೇಕು. ಅವುಗಳಿಗೆ ಬೇಕಾದ ತಿಳಿವು ಆ ನಾಡುಗಳ ಚರಿತ್ರೆಯಲ್ಲೇ ಇದೆ. ಮಿಕ್ಕಿರುವುದು ಮಾಡುವ ಮನಸ್ಸು, ಮತ್ತು ಅದನ್ನು ಆಳುವವರಿಂದ ಕೇಳಿ ಪಡೆಯುವ ನಮ್ಮ ಹಟ.